ಗಡಿಗೆಮನೆಯ ಲೆಕ್ಕ

ಹೊಳೆಯ ಈಚೆ ದಂಡೆಯಲ್ಲಿ ಒಂದು ಮಠವಿತ್ತು. ಮಠ ಅಂದರೆ ಎರಡು ಅಂಕಣದ ಮನೆ, ಒಂದು ಬೇವಿನ ಮರ, ಒಬ್ಬರು ಅಜ್ಜಾರು, ಒಬ್ಬ ಶಿಷ್ಯ.

ಶಿಷ್ಯನ ಹೆಸರು ಅಡಿವೆಪ್ಪ. ಮಠಕ್ಕೆ ಬರುವ ಮುಂಚೆ ಪೇಟೆಯ ಅಡತಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಕೂತು ಹತ್ತು ವರ್ಷ ಲೆಕ್ಕ ಬರೆದವನು. ಪೇಟೆ ಬಿಟ್ಟು ಬಂದಿದ್ದ, ಲೆಕ್ಕ ಬಿಟ್ಟಿರಲಿಲ್ಲ. ಧ್ಯಾನಕ್ಕೆ ಕೂತರೂ ಬೇವಿನ ಎಲೆ ಎಷ್ಟು ಉದುರಿದವು ಅಂತ ಎಣಿಸುತ್ತಿದ್ದ.

ಅಜ್ಜಾರಿಗೆ ಅದು ಗೊತ್ತಿತ್ತು. ಒಂದು ದಿನವೂ ಬೈದಿರಲಿಲ್ಲ.

ಒಂದು ದಿನ ಆಚೆ ದಂಡೆಯ ಸಾವಕಾರ ಈರಸಂಗಪ್ಪ ಹರಿಗೋಲಿನಲ್ಲಿ ದಾಟಿ ಬಂದ. ಅಜ್ಜಾರಿಗೆ ಕೈಮುಗಿದು ಕೂತ.

"ಅಜ್ಜಾರ, ನಮ್ಮೂರಾಗ ಗಡಿಗಿಮನಿ ಐತಲ್ರಿ. ಅದರ ಜಾಗಾ ನಮ್ಮಪ್ಪ ಕೊಟ್ಟಿದ್ದು. ಈಗ ನಾನೂ ಹನ್ನೆರಡು ಎಕರೆ ಎರಿ ಹೊಲ ಅದರ ಹೆಸರಿಗೆ ಬರದು ಕೊಡಬೇಕಂತ ಮಾಡೇನಿ."

"ಕೊಡು."

"ಕೊಡ್ತೇನ್ರಿ. ಆದ್ರ ಅದು ಗಟ್ಟಿ ಐತೋ, ಒಳಗ ಟೊಳ್ಳ ಐತೋ, ಯಾರಿಗೂ ಗೊತ್ತಿಲ್ಲ. ಅಲ್ಲಿ ಒಂದು ಚೀಟಿ ಇಲ್ಲ, ಒಂದು ವಹಿ ಇಲ್ಲ. ಗಟ್ಟಿ ಇದ್ರ ಹೊಲ ಕೊಡ್ತೇನಿ. ಟೊಳ್ಳ ಇದ್ರ ಜಾಗಾ ತಿರುಗಿ ತೊಗೊಂಡು ಹತ್ತಿ ತುಂಬ್ತೇನಿ. ನೀವು ಹೇಳಿದ್ದ ಕಡೀ ಮಾತು."

ಅಜ್ಜಾರು ಶಿಷ್ಯನ ಕಡೆ ತಿರುಗಿದರು.

"ಅಡಿವೆಪ್ಪಾ, ನೀ ಹೋಗಿ ನೋಡ್ಕೊಂಡು ಬಾ. ಮೂರು ಸೋಮಾರ ನೋಡು. ಗಟ್ಟಿ ಐತೋ ಇಲ್ಲೋ, ಒಂದ ಮಾತು ಹೇಳು. ನೀ ಏನಂತೀಯೋ ಅದನ್ನ ನಾನೂ ಅಂತೇನಿ."

ಅಡಿವೆಪ್ಪನಿಗೆ ಹಿಗ್ಗೋ ಹಿಗ್ಗು. ಮಠಕ್ಕೆ ಬಂದ ಮೂರು ವರ್ಷದಲ್ಲಿ ಮೊದಲ ಸಲ ಯಾರೋ ಅವನಿಗೆ ಬರುವ ಕೆಲಸ ಕೊಟ್ಟಿದ್ದರು.

ಗಡಿಗೆಮನೆ ಅಂದರೆ ಒಂದೇ ಕೋಣೆ. ನಡುವೆ ಧರ್ಮದ ಜೋಳದ ಮಣ್ಣಿನ ಗಡಿಗೆ, ಒಂದು ತೋಳಿನಷ್ಟು ಆಳ. ಅದರ ಬಾಯಿಗೆ ದಪ್ಪ ಅರಿವೆ ಕಟ್ಟಿ, ಅರಿವೆಯ ನಡುವೆ ಒಂದು ಕೈ ತೂರುವಷ್ಟು ಸೀಳು ಬಿಟ್ಟಿದ್ದರು. ಸೋಮವಾರ ಊರಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಸೆರಗಿನಡಿ, ಹೆಗಲ ವಲ್ಲಿಯಡಿ ಮುಷ್ಟಿ ಬಿಗಿಹಿಡಿದು ತರುತ್ತಾರೆ. ಸೀಳಿನೊಳಗೆ ಕೈ ಇಳಿಸುತ್ತಾರೆ, ತೆಗೆಯುತ್ತಾರೆ, ಹೋಗುತ್ತಾರೆ. ಹೋಗುವಾಗಲೂ ಮುಷ್ಟಿ ಮುಚ್ಚಿರಬೇಕು. ಅದು ಅಲ್ಲಿಯ ಪದ್ಧತಿ.

ಗಡಿಗೆ ನೋಡಿಕೊಳ್ಳುವವಳು ಗಂಗಮಾಳವ್ವ. ನಲವತ್ತು ವರ್ಷದಿಂದ ಆ ಕೋಣೆಯೇ ಅವಳ ಮನೆ. ಸೋಮವಾರ ಬೆಳಗಾದರೆ ಗೋಡೆಗೆ ಮುಖ ಮಾಡಿ, ಗಡಿಗೆಗೆ ಬೆನ್ನು ಮಾಡಿ ಕೂರುತ್ತಾಳೆ. ಹೊತ್ತು ಮುಳುಗುವವರೆಗೆ ತಿರುಗಿ ನೋಡುವುದಿಲ್ಲ.

ಅಡಿವೆಪ್ಪನಿಗೆ ಬಾಗಿಲಲ್ಲೇ ತಲೆ ಕೆಟ್ಟಿತು.

"ಅವ್ವಾ, ಕಾಯಾಕ ಕುಂತವರು ಗ್ವಾಡಿಗಿ ಯಾಕ ಮುಖ ಮಾಡ್ತೀರಿ?"

"ಬೆನ್ನ ನೋಯ್ತೈತಿ, ತಮ್ಮಾ."

ಬೆನ್ನು ನೋಯುವವರು ಗೋಡೆಗೆ ಬೆನ್ನು ಕೊಡುತ್ತಾರೆ, ಮುಖ ಕೊಡುವುದಿಲ್ಲ. ಆದರೆ ಹಿರಿಯರ ಜೊತೆ ವಾದ ಯಾಕೆ ಅಂತ ಅವನು ಗಡಿಗೆಯ ಕಡೆ ತಿರುಗಿದ.

"ಗಡಿಗಿ ಅಳೀಲೇನ್ರಿ?"

"ಅಳಿ. ನಲವತ್ತು ವರ್ಷದಾಗ ಯಾರೂ ಅಳದಿಲ್ಲ."

ಅಳೆದ. ಆರು ಸೇರು ಜೋಳ ಇತ್ತು. ತನ್ನ ಮುಷ್ಟಿಯಿಂದಲೇ ತುಂಬಿ ನೋಡಿದ, ಹದಿನಾರು ಹಿಡಿಗೆ ಒಂದು ಸೇರು. ಜೋಳ ಮತ್ತೆ ಗಡಿಗೆಗೆ ಸುರಿದು, ಅರಿವೆ ಕಟ್ಟಿ, ಹೊರಗೆ ಕಟ್ಟೆಯ ಮೇಲೆ ಕೂತ. ಬಂದ ಕೈಗಳನ್ನು ಎಣಿಸಿದ.

ಸಂಜೆಗೆ ನೂರಾ ಹನ್ನೆರಡು ಕೈ.

ನೂರಾ ಹನ್ನೆರಡು ಹಿಡಿ ಅಂದರೆ ಏಳು ಸೇರು. ಮೊದಲಿನ ಆರು ಕೂಡಿದರೆ ಹದಿಮೂರು. ಅರಿವೆ ಬಿಚ್ಚಿ ಅಳೆದ.

ಆರೂವರೆ ಇತ್ತು.

ಸೇರು ತೊಳೆದು, ಒರೆಸಿ, ಮತ್ತೊಮ್ಮೆ ಅಳೆದ. ಆರೂವರೆಯೇ.

"ಅವ್ವಾ, ಏಳು ಸೇರು ಬರಬೇಕಿತ್ತು. ಅರ್ಧ ಬಂದೈತಿ."

"ಬಂದೈತಲ್ಲ."

"ಉಳಿದದ್ದು ಎಲ್ಲಿ ಹೋತು?"

"ಎಲ್ಲಿ ಹೋಗಬೇಕೋ ಅಲ್ಲಿ."

"ಯಾರು ತೊಗೊಂಡ್ರು?"

"ನನ್ನ ಬೆನ್ನಿಗೆ ಕಣ್ಣಿಲ್ಲ, ತಮ್ಮಾ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅಂದುಕೊಂಡ ಅಡಿವೆಪ್ಪ. ಅಷ್ಟರಲ್ಲಿ ಅವಳು ಊಟಕ್ಕೆ ಕೂತಳು. ಅರ್ಧ ರೊಟ್ಟಿ, ಅದನ್ನು ಮೆತ್ತಗೆ ಮಾಡಲು ಒಂದಿಷ್ಟು ನೀರು, ಒಂದು ಚೂರು ಚಟ್ನಿ. ಸೀರೆಗೆ ಆರು ಕಡೆ ತೇಪೆ. ವಾರಕ್ಕೆ ಆರೂವರೆ ಸೇರು ನುಂಗುವ ಕಳ್ಳಿ ಹೀಗಿರುತ್ತಾಳೆಯೇ? ಅವನಿಗೆ ಏನೂ ಕೂಡಿ ಬರಲಿಲ್ಲ.

ಮಠಕ್ಕೆ ವಾಪಸು ಬಂದಾಗ ಅಜ್ಜಾರು ಅಂಬಲಿ ಕುಡಿಯುತ್ತಿದ್ದರು.

"ಗಟ್ಟಿ ಐತೇನು?"

"ಇಲ್ರಿ. ಸೋರಾಕತ್ತೈತಿ."

"ಎಲ್ಲಿ?"

"ಗೊತ್ತಾಗವಲ್ದ್ರಿ. ಮುದುಕಿ ಮ್ಯಾಲ ಸಂಶೇ ಬರ್ತೈತಿ. ಆದ್ರ ಮುದುಕಿ ಬಾಳ ಬಡಕಲ ಐತ್ರಿ."

ಅಜ್ಜಾರು ನಕ್ಕರು. ತಮ್ಮ ಬಟ್ಟಲಿನ ಅರ್ಧ ಅಂಬಲಿಯನ್ನು ಅವನ ಬಟ್ಟಲಿಗೆ ಸುರಿದರು. ತಮ್ಮದನ್ನು ಅವನ ಕಣ್ಣ ಮುಂದೆ ಹಿಡಿದರು.

"ಇದರಾಗ ಅರ್ಧ ಕಡಿಮಿ ಆತು. ಸೋರಿತೇನು, ನೋಡು."

ಅಡಿವೆಪ್ಪ ಬಟ್ಟಲನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, ತಳ ನೋಡಿದ.

"ಬಟ್ಟಲ ಗಟ್ಟಿ ಐತ್ರಿ. ಎಲ್ಲೂ ಸೀಳಿಲ್ಲ."

"ಹಂಗಾರ ಮತ್ತೊಂದು ಸೋಮಾರ ನೋಡು."

ಅವತ್ತು ಅಡಿವೆಪ್ಪ ಅಂಬಲಿ ಕುಡಿದ, ಮಾತು ಜೀರ್ಣವಾಗಲಿಲ್ಲ. ವಾರವಿಡೀ ಬಟ್ಟಲನ್ನೇ ಯೋಚಿಸಿದ. ಭಾನುವಾರದ ಹೊತ್ತಿಗೆ ಒಂದು ಅರ್ಥ ಹೊಳೆಯಿತು. ಬಟ್ಟಲಿಗೆ ಮುಚ್ಚಳವಿಲ್ಲ. ಅಂಬಲಿ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಕಣ್ಣಿಗೆ ಕಾಣುತ್ತದೆ. ಗಡಿಗೆಗೆ ಅರಿವೆ ಕಟ್ಟಿದ್ದೇ ರೋಗ!

ಬುದ್ಧಿವಂತರಿಗೆ ಅರ್ಥ ಹೊಳೆದರೆ ಊರಿಗೆ ಕಷ್ಟ.

ಎರಡನೆಯ ಸೋಮವಾರ ಅವನು ಗಡಿಗೆಯನ್ನು ಮೂಲೆಗೆ ಸರಿಸಿದ. ಅದರ ಜಾಗದಲ್ಲಿ ಅಗಲವಾದ ಬುಟ್ಟಿ ಇಟ್ಟ. ಬುಟ್ಟಿಯ ಎದುರು ತಾನು ಕೂತ, ತೊಡೆಯ ಮೇಲೆ ವಹಿ ಬಿಚ್ಚಿದ.

"ಅವ್ವಾ, ಇವತ್ತಿಂದ ಎಲ್ಲಾ ಖುಲ್ಲಾ. ಯಾರು ಎಷ್ಟು ಹಾಕಿದ್ರಂತ ಹೆಸರ ಬರೀತೇನಿ."

ಗಂಗಮಾಳವ್ವ ಬುಟ್ಟಿ ನೋಡಿದಳು, ವಹಿ ನೋಡಿದಳು.

"ಅಜ್ಜಾರು ಹೇಳ್ಯಾರೇನು?"

"ಅಜ್ಜಾರ ಕಳಿಸ್ಯಾರ."

ಎರಡೂ ಒಂದೇ ಅಲ್ಲ ಅಂತ ಅವನಿಗೂ ಗೊತ್ತಿತ್ತು.

"ಹಂಗಾರ ನಾ ಯಾರಿಗಿ ಬೆನ್ನ ಮಾಡಿ ಕುಂದ್ರಲಿ?" ಅಂದಳು ಮುದುಕಿ. ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಬಿಸಿಲಲ್ಲಿ ಕೂತಳು.

ಜನ ಬಂದರು. ಬುಟ್ಟಿ ನೋಡಿ ಕೆಲವರು ಬಾಗಿಲಲ್ಲೇ ನಿಂತರು. ಕೆಲವರು ಮನೆಗೆ ವಾಪಸು ಹೋಗಿ ಎರಡು ಬೊಗಸೆ ತುಂಬಿ ತಂದರು. ಒಬ್ಬ ಗೌಡ ಮೊರದ ತುಂಬ ತಂದು, ಎಲ್ಲರಿಗೂ ಕೇಳುವಂತೆ ಸುರಿದ. ಸಾವಕಾರನ ಹೆಂಡತಿ ಆಳಿನ ತಲೆ ಮೇಲೆ ಹೊರಿಸಿ ತಂದಳು, ತನ್ನ ಹೆಸರನ್ನು ಎರಡು ಸಲ ಹೇಳಿದಳು.

ಸಂಜೆಗೆ ಎಪ್ಪತ್ತೊಂದು ಹೆಸರು. ಹನ್ನೆರಡು ಸೇರು ಜೋಳ.

ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು. ಹತ್ತು ವರ್ಷ ಅಡತಿಯಲ್ಲಿ ಇಷ್ಟು ಚೊಕ್ಕ ಲೆಕ್ಕ ಅವನು ಬರೆದಿರಲಿಲ್ಲ. ಅಜ್ಜಾರಿಗೆ ತೋರಿಸಬೇಕು ಅಂತ ಹನ್ನೆರಡು ಸೇರನ್ನೂ ಚೀಲಕ್ಕೆ ತುಂಬಿ, ಹೆಗಲ ಮೇಲೆ ಹೊತ್ತು ಹೊಳೆ ದಾಟಿದ.

"ಗಟ್ಟಿ ಆತ್ರಿ, ಅಜ್ಜಾರ!"

"ಆತೋ, ಐತೋ?"

"ನಾ ಗಟ್ಟಿ ಮಾಡಿದ್ನಿರಿ. ಹನ್ನೆರಡು ಸೇರು ಬಂದೈತಿ, ನೋಡ್ರಿ."

ಅಜ್ಜಾರು ಚೀಲವನ್ನು ನೋಡಲಿಲ್ಲ.

"ಎಷ್ಟು ಕೈ ಬಂದಿದ್ವು?"

"ಎಪ್ಪತ್ತೊಂದು."

"ಹಿಂದಿನ ಸೋಮಾರ?"

"ನೂರಾ ಹನ್ನೆರಡು."

"ನಲವತ್ತೊಂದು ಕೈ ಎಲ್ಲಿ ಹೋದ್ವು?"

ಅಡಿವೆಪ್ಪ ಚೀಲವನ್ನು ಅಜ್ಜಾರ ಕಡೆ ಸರಿಸಿದ.

"ಕೈ ಕಡಿಮಿ ಆದ್ರೂ ಕಾಳ ಹೆಚ್ಚಾತಲ್ರಿ?"

"ನಾ ಕಾಳ ಕೇಳಲಿಲ್ಲ. ಕೈ ಹುಡುಕ್ಕೊಂಡು ಬಾ."

ಇದೆಂಥ ಲೆಕ್ಕ ಅಂತ ಅವನಿಗೆ ಸಿಟ್ಟೇ ಬಂತು. ಕಡಿಮೆ ಜನ ಹೆಚ್ಚು ಕೊಟ್ಟರೆ ಲಾಭವೋ ನಷ್ಟವೋ? ಯಾವ ಅಡತಿಯಲ್ಲಾದರೂ ಕೇಳಲಿ! ಆದರೂ ಮರುದಿನ ಮತ್ತೆ ಹೊಳೆ ದಾಟಿದ.

ಊರಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. "ಸೋಮಾರ ಯಾಕ ಬರಲಿಲ್ಲ?" ಅಂದರೆ ಒಬ್ಬಳಿಗೆ ನೆಗಡಿ, ಒಬ್ಬನಿಗೆ ಹೊಲದ ಕೆಲಸ, ಒಬ್ಬಳಿಗೆ ಮರೆತೇ ಹೋಗಿತ್ತು. ನಲವತ್ತು ವರ್ಷ ಮರೆಯದವರು ಒಂದೇ ದಿನ ಹೇಗೆ ಮರೆತರು?

ಮಧ್ಯಾಹ್ನದ ಹೊತ್ತಿಗೆ ಊರ ಕೊನೆಗೆ ಬಂದ. ಅಲ್ಲೊಂದು ಕಂಬಳಿ ನೇಯುವವರ ಮನೆ. ಎಲ್ಲರ ಮನೆಯ ಒಲೆ ಹೊಗೆಯಾಡುತ್ತಿತ್ತು, ಅವರದು ಮಾತ್ರ ಇಲ್ಲ. ಬಾಗಿಲಲ್ಲಿ ಉಣ್ಣೆ ಹಿಂಜುತ್ತಿದ್ದವಳ ಗುರುತು ಅವನಿಗೆ ಹತ್ತಿತು. ಮೊದಲ ಸೋಮವಾರ ಬಂದಿದ್ದಳು. ಹೆಸರು ಬೀರವ್ವ.

"ಯವ್ವಾ, ಅವತ್ತ ಬಂದಿದ್ದೆಲ್ಲ, ನಿನ್ನೆ ಯಾಕ ಬರಲಿಲ್ಲ?"

ಬೀರವ್ವ ಉಣ್ಣೆಯಿಂದ ಕೈ ತೆಗೆಯಲಿಲ್ಲ.

"ಅವತ್ತ ನಾ ಹಾಕಾಕ ಬಂದಿದ್ನಂತ ತಿಳಕೊಂಡೀರೇನು?"

"ಮತ್ತ?"

"ತೊಗೊಳ್ಳಾಕ ಬಂದಿದ್ನಿರಿ."

ಅಡಿವೆಪ್ಪ ಹೊಸ್ತಿಲ ಬಳಿ ಕುಕ್ಕರಿಸಿದ.

"ಕುರಿ ಉಣ್ಣಿ ಕತ್ತರಸೂ ಕಾಲಕ್ಕ ನಮ್ಮ ಕಂಬಳಿ ಹೋಗ್ತಾವ. ಆವಾಗ ಸೋಮಾರಕ್ಕೊಂದು ಹಿಡಿ ಹಾಕ್ತೇವಿ, ಒಮ್ಮೊಮ್ಮೆ ಎರಡು. ಉಳಿದ ದಿನ ಕೈ ಖಾಲಿ. ಆವಾಗ ಖಾಲಿ ಮುಷ್ಟಿ ಮುಚ್ಕೊಂಡು ಹೋಗ್ತೇವಿ, ತುಂಬಿದ ಮುಷ್ಟಿ ಮುಚ್ಕೊಂಡು ಬರ್ತೇವಿ. ಊರಾಗ ಹಂಗ ಬಾಳ ಮಂದಿ ಅದಾರ. ಯಾರಂತ ನನಗೂ ಗೊತ್ತಿಲ್ಲ, ಅವರಿಗೂ ನಾ ಗೊತ್ತಿಲ್ಲ."

"ನಿನ್ನೆ?"

"ನಿನ್ನೆ ನಿಮ್ಮ ಬುಟ್ಟಿ ಮ್ಯಾಲ ಊರ ಕಣ್ಣ ಇತ್ತಲ್ರಿ." ಅವಳ ದನಿ ನಡುಗಿತು. "ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ, ಬಂದಿದ್ಲು. ಬರದಿದ್ರ ಮಂದಿ ಏನಂದಾರು ಅಂತ ಪಕ್ಕದ ಮನ್ಯಾಗ ಒಂದ್ ಬೊಗಸಿ ಕಡಾ ತಂದು ನಿಮ್ಮ ಬುಟ್ಟಿಗೆ ಹಾಕಿದ್ಲು. ಆಕೀ ಹೆಸರ ನೀವ ಬರಕೊಂಡೀರಿ. ಆಕೀ ಮಕ್ಕಳು ನಿನ್ನೆ ನೀರು ಕುಡದು ಮಲಗಿದ್ವು."

ಅವನು ಬಗಲಲ್ಲಿದ್ದ ವಹಿಯನ್ನು ಬೆನ್ನ ಹಿಂದೆ ಸರಿಸಿದ.

"ಒಂದ್ ಕೇಳ್ತೇನ್ರಿ. ನೀವು ಲೆಕ್ಕ ಕಲ್ತವರು. ನಲವತ್ತು ವರ್ಷ ನಮ್ಮ ಅತ್ತಿ, ಆಮ್ಯಾಲ ನಾನು, ಹಾಕೇವಿ, ತಗದೇವಿ. ನಮ್ಮ ಹೆಸರ ಜಮಾದಾಗ ಬರೀತೀರೋ, ಖರ್ಚಿನಾಗೋ?"

ಅಡಿವೆಪ್ಪ ಹೊಳೆಯ ಕಡೆ ನಡೆದ. ಹರಿಗೋಲು ಮಠದ ದಂಡೆಯಲ್ಲಿತ್ತು. ಕಾಯುತ್ತ ಮರಳಿನ ಮೇಲೆ ಕೂತ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ಬೆರಳು ತಾನಾಗಿ ಮರಳಲ್ಲಿ ಲೆಕ್ಕ ಬರೆಯಿತು.

ಮೊದಲ ಸೋಮವಾರ ಒಟ್ಟು ನೂರಾ ಹನ್ನೆರಡು ಕೈ. ಹೆಚ್ಚಾದದ್ದು ಅರ್ಧ ಸೇರು, ಅಂದರೆ ಎಂಟು ಹಿಡಿ. ಅರವತ್ತು ಕೈ ಹಾಕಿದವು, ಐವತ್ತೆರಡು ಕೈ ತೆಗೆದವು. ಎರಡನೆಯ ಸೋಮವಾರ ಹಾಕುವ ಅರವತ್ತೂ ಬಂದವು. ಅವುಗಳ ಜೊತೆ ಕಡ ತಂದು ಹಾಕಿದ ಹನ್ನೊಂದು. ಬಾರದೆ ಉಳಿದದ್ದು ನಲವತ್ತೊಂದು.

ಒಂದು ಕಾಳಿನ ವ್ಯತ್ಯಾಸವಿಲ್ಲದೆ ಲೆಕ್ಕ ಕೂಡಿತು. ಜೀವಮಾನದಲ್ಲಿ ಮೊದಲ ಸಲ ಲೆಕ್ಕ ಕೂಡಿದ್ದಕ್ಕೆ ಅಡಿವೆಪ್ಪ ಅತ್ತ.

ಅಜ್ಜಾರ ಕಾಲ ಹತ್ತಿರ ಬಂದು ಕೂತಾಗ ಅವನ ಮುಖ ಇಳಿದಿತ್ತು.

"ತಪ್ಪಾತ್ರಿ. ಸೋರೂದಲ್ಲ ಅದು. ಅದ ಅದರ ಕೆಲಸ. ತುಂಬಿದ ಗಡಿಗಿ ರೋಗದ ಗಡಿಗಿ. ತುಂಬದ ಗಡಿಗೀನ ಆರೋಗ್ಯ."

"ಹೌದೇನು?"

"ಹೌದ್ರಿ."

"ಹಂಗಾರ ನಾಳೆ ಎಲ್ಲಾರೂ ತೊಗೊಂಡು, ಯಾರೂ ಹಾಕದ, ಗಡಿಗಿ ಖಾಲಿ ಆತು ಅನ್ನು. ಅದು ಇನ್ನೂ ಹೆಚ್ಚಿನ ಆರೋಗ್ಯ?"

ಅಡಿವೆಪ್ಪನ ತಲೆ ಗಿರ್ರೆಂದಿತು. ತುಂಬಿದರೂ ತಪ್ಪು, ಖಾಲಿಯಾದರೂ ತಪ್ಪು. ನೋಡಿದರೆ ಜನ ಬರುವುದಿಲ್ಲ, ನೋಡದಿದ್ದರೆ ಗೊತ್ತಾಗುವುದಿಲ್ಲ. ಹೀಗಿದ್ದರೆ ಗಟ್ಟಿ ಅಂತ ಯಾವುದಕ್ಕೆ ಹೇಳುವುದು? ಸಾವಕಾರ ಮುಂದಿನ ಮಂಗಳವಾರ ಬರುತ್ತಾನೆ. ಇವನು ಒಂದು ಮಾತು ಹೇಳಬೇಕು. ಆ ಒಂದು ಮಾತಿನ ಮೇಲೆ ಆ ಕೋಣೆ, ಆ ಗಡಿಗೆ, ಆ ಮುದುಕಿ, ಐವತ್ತೆರಡು ಒಲೆ.

"ನನಗ ಏನೂ ತಿಳೀವಲ್ದ್ರಿ, ಅಜ್ಜಾರ."

"ಚಲೋ ಆತು," ಅಂದರು ಅಜ್ಜಾರು. "ಬರೂ ಸೋಮಾರ ಹೋಗು. ಅರಿವಿ ಕಟ್ಟು."

"ಈ ಹನ್ನೆರಡು ಸೇರು? ವಾಪಸು ಸುರೀಲೇನ್ರಿ?"

"ಸುರಿದ್ರ ಮತ್ತ ಬುಟ್ಟಿ ಆತಲ್ಲ. ಸೋಮಾರಕ್ಕೊಂದು ಹಿಡಿ. ಎಲ್ಲಾರ ಹಂಗ."

ಹನ್ನೆರಡು ಸೇರು, ಹದಿನಾರು ಹಿಡಿ. ಅಡಿವೆಪ್ಪ ಕೇಳದಿದ್ದರೂ ಲೆಕ್ಕ ತಲೆಗೆ ಬಂತು.

"ನೂರಾ ತೊಂಬತ್ತೆರಡು ಸೋಮಾರ ಆಗ್ತೈತ್ರಿ!"

"ಎಣಸೂದು ಬರ್ತೈತಲ್ಲ ನಿನಗ," ಅಂದರು ಅಜ್ಜಾರು.

ಮೂರನೆಯ ಸೋಮವಾರ ಬೆಳಿಗ್ಗೆಯೇ ಅವನು ಗಡಿಗೆಯನ್ನು ನಡುವೆ ತಂದು, ಅರಿವೆ ಬಿಗಿದು ಕಟ್ಟಿದ. ವಹಿಯನ್ನು ಒಲೆಗೆ ಹಾಕಿದ. ಗಂಗಮಾಳವ್ವನ ಎದುರು ಕೈಮುಗಿದು ನಿಂತ.

"ಬೆನ್ನ ನೋಯ್ತೈತಂತ ಹೇಳಿದ್ರಿ. ನಾ ನಂಬಲಿಲ್ಲ."

"ನಂಬೂವಂಗ ಹೇಳಿಲ್ಲ ಬಿಡು," ಅಂದಳು ಮುದುಕಿ. ಹೋಗಿ ತನ್ನ ಜಾಗದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಅವನೂ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತ.

ಗೋಡೆಯಲ್ಲಿ ನೋಡಲು ಏನಿದೆ? ಮಣ್ಣು, ಒಂದೆರಡು ಬಿರುಕು, ಒಂದು ಹಲ್ಲಿ. ಹಿಂದೆ ಹೆಜ್ಜೆ ಸಪ್ಪಳ ಕೇಳುತ್ತಿತ್ತು. ಬಳೆ ಸದ್ದು. ಅರಿವೆ ಸರಿದ ಸದ್ದು. ಎಣಿಸಬಾರದು ಅಂದುಕೊಂಡ, ಆದರೂ ಸುಮಾರು ಹೊತ್ತು ಎಣಿಸಿದ. ಆಮೇಲೆ ಯಾವಾಗಲೋ ಎಣಿಕೆ ತಪ್ಪಿತು.

ನೆತ್ತಿಗೆ ಹೊತ್ತು ಬಂದಾಗ ಜನ ಕಡಿಮೆಯಾದರು. ಅಡಿವೆಪ್ಪ ಎದ್ದ. ಚೀಲದಿಂದ ತಂದಿದ್ದ ಒಂದು ಹಿಡಿ ಜೋಳವನ್ನು ಮುಷ್ಟಿಯಲ್ಲಿ ಹಿಡಿದು ಸೀಳಿನೊಳಗೆ ಕೈ ಇಳಿಸಿದ.

ಮುಂಗೈ ಇಳಿಯಿತು. ಮೊಣಕೈ ಇಳಿಯಿತು. ಭುಜ ಅರಿವೆಗೆ ತಾಗಿತು. ಅವನ ಬೆರಳ ಗೆಣ್ಣಿಗೆ ಗಡಿಗೆಯ ತಳದ ಮಣ್ಣು ತಗಲಿತು. ಅಲ್ಲಲ್ಲಿ ಹತ್ತಾರು ಕಾಳು, ಅಷ್ಟೇ.

ಮುಷ್ಟಿ ತಾನಾಗಿ ಬಿಚ್ಚಿತು.

ಅವನಿಗೆ ಭಯವಾಯಿತು. ಒಂದು ವಾರ ಹಸಿದವರು ಎಲ್ಲರೂ ಮೊದಲು ಬಂದು, ಎರಡು ವಾರದ್ದು ಅಂತ ಎರಡೆರಡು ಹಿಡಿ ತೆಗೆದಿದ್ದರು. ಹಾಕುವವರು ಹೋದ ವಾರವೇ ಬೊಗಸೆಗಟ್ಟಲೆ ಹಾಕಿ, ಈ ವಾರ ಸಾಕು ಅಂತ ಮನೆಯಲ್ಲಿ ಕೂತಿದ್ದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಆ ದೊಣ್ಣೆ ತಾನೇ ಅಂತ ಅವನಿಗೆ ಗೊತ್ತಾಯಿತು.

"ಅವ್ವಾ, ಗಡಿಗಿ ಖಾಲಿ ಆಗೈತಿ! ನಾ ಓಡಿ ಹೋಗಿ ಮಠದಿಂದ ಚೀಲ ತರ್ತೇನಿ."

"ಕುಂದ್ರು."

"ತಳ ಹತ್ತೈತ್ರಿ!"

"ನಿನ್ನ ಕೈಗೆ ಹತ್ತಿತಲ್ಲ, ನಿನಗಿಂತ ಮೊದಲ ಬಂದವರ ಕೈಗೂ ಹತ್ತಿರ್ತೈತಿ. ಕುಂದ್ರು, ತಮ್ಮಾ. ಕೈಗೋಳು ನೋಡ್ಕೊಂಡು ಹೋಗ್ಯಾವ."

ಅವನು ಕೂತ. ಗೋಡೆ ನೋಡಿದ. ಮುದುಕಿ ನಿಧಾನವಾಗಿ ಮಾತಾಡಿದಳು, ಗೋಡೆಗೆ ಹೇಳುವ ಹಾಗೆ.

"ಸುಗ್ಗ್ಯಾಗ ಕಾಳು ಮುಂಗೈಗೆ ಸಿಗ್ತಾವ. ಆಷಾಢದಾಗ ಬಾಳ ಕೆಳಗ ಇಳೀತಾವ. ಕೈ ಆಳಕ್ಕ ಹೋದ್ರ ತೊಗೊಳ್ಳಾವರು ಅರ್ಧ ಹಿಡಿ ತೊಗೋತಾರ. ಹಾಕಾವರು ಮನಿಗೆ ಹೋಗಿ, ಸಂಜಿ ಮುಂದ ಮತ್ತ ಬರ್ತಾರ. ನಾ ಯಾರಿಗೂ ಹೇಳಿಲ್ಲ. ನನಗ ಯಾರೂ ಹೇಳಿಲ್ಲ."

"ತಪ್ಪಿ ಯಾರೂ ಬರಲಿಲ್ಲ ಅಂದ್ರ?"

"ಅವತ್ತ ನಾ ಈ ಕಡೆ ತಿರುಗಿ ನೋಡ್ತೇನಿ."

ಮಧ್ಯಾಹ್ನ ಕಳೆಯಿತು. ತುಂಬ ಹೊತ್ತು ಒಂದು ಹೆಜ್ಜೆಯೂ ಕೇಳಲಿಲ್ಲ. ಗೋಡೆಯ ಹಲ್ಲಿ ಕೂಡ ಎಲ್ಲೋ ಹೋಯಿತು.

ದನ ಮನೆಗೆ ಬರುವ ಹೊತ್ತಿಗೆ ಒಂದು ಹೆಜ್ಜೆ ಬಂತು. ಆಮೇಲೆ ಇನ್ನೊಂದು. ಆಮೇಲೆ ಒಟ್ಟೊಟ್ಟಿಗೆ ಸುಮಾರು ಹೆಜ್ಜೆ, ಬಳೆ ಸದ್ದು, ಕೋಲೂರಿಕೊಂಡು ಬಂದ ಯಾರೋ ಮುದುಕನ ಕೆಮ್ಮು. ಅವನು ತಿರುಗಲಿಲ್ಲ. ಕುತ್ತಿಗೆ ನೋಯುವಷ್ಟು ತಿರುಗಬೇಕೆನಿಸಿತು, ತಿರುಗಲಿಲ್ಲ.

ಹೊತ್ತು ಮುಳುಗಿದ ಮೇಲೆ ಎದ್ದು, ಖಾಲಿ ಕೈ ಸೀಳಿನೊಳಗೆ ಇಳಿಸಿದ. ಮೊಣಕೈ ಇಳಿಯುವ ಮೊದಲೇ ಬೆರಳಿಗೆ ಕಾಳು ಸಿಕ್ಕಿತು.

ಎಷ್ಟು ಸೇರು ಅಂತ ಅಳೆಯಲಿಲ್ಲ. ಕೈ ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡು ನಿಂತ. ಆಮೇಲೆ ಮುಷ್ಟಿ ಮುಚ್ಚಿ ಹೊರಗೆ ತೆಗೆದ.

ಮಠಕ್ಕೆ ಬಂದವನೇ ಅಂದ, "ಅಜ್ಜಾರ, ಮಧ್ಯಾಹ್ನ ಕೈ ಹಾಕಿದಾಗ ಒಳಗ..."

ಅಜ್ಜಾರು ಹೊಳೆಯ ಕಡೆ ಮುಖ ತಿರುಗಿಸಿಕೊಂಡರು. ಅಡಿವೆಪ್ಪ ಅಷ್ಟಕ್ಕೇ ನಿಲ್ಲಿಸಿದ.

ಮರುದಿನ ಸಾವಕಾರ ಈರಸಂಗಪ್ಪ ಬಂದ. ಕೈಯಲ್ಲಿ ಎರಡು ಕಾಗದ. ಬೇವಿನ ಮರದಡಿ ಕೂತು, ಎರಡನ್ನೂ ಮುಂದಿಟ್ಟ.

"ಇದು ಹೊಲದ ಕಾಗದ. ಇದು ಜಾಗಾ ತಿರುಗಿ ಕೇಳೂ ಕಾಗದ. ಎರಡಕ್ಕೂ ಸಹಿ ಮಾಡಿ ತಂದೇನಿ. ಯಾವುದು ಕೊಡ್ಲಿ, ಹೇಳ್ರಿ."

ಅಜ್ಜಾರು ಶಿಷ್ಯನನ್ನು ನೋಡಿದರು.

"ಗಟ್ಟಿ ಐತ್ರಿ," ಅಂದ ಅಡಿವೆಪ್ಪ.

"ಎಷ್ಟ ಬರ್ತೈತಿ?"

"ಗೊತ್ತಿಲ್ರಿ."

"ಎಷ್ಟ ಹೋಗ್ತೈತಿ?"

"ಗೊತ್ತಿಲ್ರಿ."

"ಮೂರು ಸೋಮಾರ ಕುಂತು ಏನ್ ನೋಡಿದಿ ಮಾರಾಯಾ?"

"ಗ್ವಾಡಿ ನೋಡೇನ್ರಿ."

ಸಾವಕಾರ ಕೆಟ್ಟವನಲ್ಲ. ಅವನಿಗೂ ತಿಳಿಯಲಿಲ್ಲ, ಅಷ್ಟೇ. ಸಿಟ್ಟು ತಡೆದುಕೊಂಡು ಹೇಳಿದ, "ಆತು. ಊರಾಗ ತೊಗೊಳ್ಳಾವರು ಅದಾರಂತ ಸುದ್ದಿ ಐತಿ. ಅವರ ಹೆಸರ ಹೇಳು. ನಾನ ನೇರ ಅವರ ಮನಿಗೆ ಚೀಲ ಕಳಸ್ತೇನಿ. ಹೊಲದ ಕಾಗದಾನೂ ಈಗ ಕೊಟ್ಟು ಹೋಗ್ತೇನಿ. ಒಂದ ಹೆಸರ ಹೇಳು, ಸಾಕು."

ಅಡಿವೆಪ್ಪನಿಗೆ ಒಂದು ಹೆಸರು ಗೊತ್ತಿತ್ತು. ನಾಲಿಗೆಯ ತುದಿಗೂ ಬಂತು. ಹನ್ನೆರಡು ಎಕರೆ ಎರೆ ಹೊಲ, ಆ ಒಂದು ಹೆಸರಿಗೆ. ಹೊಗೆಯಾಡದ ಒಲೆ ನೆನಪಾಯಿತು. ಉಣ್ಣೆಯಿಂದ ಕೈ ತೆಗೆಯದ ಆ ಹೆಂಗಸಿನ ನಡುಗಿದ ದನಿ ನೆನಪಾಯಿತು.

"ನನ್ನ ಬೆನ್ನಿಗೆ ಕಣ್ಣಿಲ್ರಿ, ಸಾವಕಾರ್ರ," ಅಂದ.

ಸಾವಕಾರ ಎದ್ದು ನಿಂತ. ಎರಡೂ ಕಾಗದವನ್ನು ಕೈಗೆ ತೆಗೆದುಕೊಂಡ. ದನಿ ಏರಿತು.

"ಲೆಕ್ಕಿಲ್ಲ, ಹೆಸರಿಲ್ಲ. ನಾ ಏನ್ ನೋಡಿ ಕೊಡ್ಲಿ, ಅಜ್ಜಾರ? ಯಾವುದು ಕೊಡ್ಲಿ? ಯಾರ ಕೈಯಾಗ ಕೊಡ್ಲಿ?"

ಅಜ್ಜಾರು ನಕ್ಕರು.

"ಎರಡೂ ಕಾಗದ ಮುಷ್ಟ್ಯಾಗ ಹಿಡಕೊಂಡು ಸೋಮಾರ ಗಡಿಗಿಗಿ ಕೈ ಹಾಕು, ಸಾವಕಾರ. ಒಂದನ್ನ ಅಲ್ಲೇ ಬಿಟ್ಟು ಬಾ. ಗಂಗಮಾಳವ್ವ ಹೆಂಗೂ ಗ್ವಾಡಿ ನೋಡ್ಕೊಂತ ಕುಂತಿರ್ತಾಳ."